ಅಮೆರಿಕದಲ್ಲಿ ಮಗುವಿಗೆ ಕ್ಯಾಥೊಲಿಕ್ ಶಾಲೆಯೋ, ಪಬ್ಲಿಕ್ (ಸರ್ಕಾರಿ) ಶಾಲೆಯೋ?

ಎಂಟನೇ ಗ್ರೇಡ್‌ವರೆಗೆ ಇಂಗ್ಲಿಷ್, ವಿಜ್ಞಾನ, ಸಮಾಜ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಕ್ಯಾಥೊಲಿಕ್ ಶಾಲೆಯಲ್ಲಿ ಧರ್ಮಪಾಠವೂ ಸೇರುತ್ತದೆ. ಎರಡನೇ ಗ್ರೇಡ್‌ನಲ್ಲಿ ಸಾಮಾನ್ಯವಾಗಿ ಮೊದಲ ಪರಮಪ್ರಸಾದದ (ಚರ್ಚಿನಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಬಾರಿ ಸ್ವೀಕರಿಸುವ ವಿಧಿ) ಸಿದ್ಧತೆ ನಡೆಯುತ್ತದೆ. ಬೇರೆ ಧರ್ಮದ ಮಕ್ಕಳು ಪ್ರಸಾದ ಸ್ವೀಕರಿಸುವಂತಿಲ್ಲ, ಆದರೆ ಪಾಠಕ್ಕೆ ಕೂರಬೇಕಾಗುತ್ತದೆ.

ನಿಜವಾಗಿ ವಿಚಾರಿಸಬೇಕಾದ್ದು ಗಣಿತ. ಗ್ರೇಡಿಗೆ ಒಂದೇ ಸೆಕ್ಷನ್ ಇರುವ ಚಿಕ್ಕ ಕ್ಯಾಥೊಲಿಕ್ ಶಾಲೆಯಲ್ಲಿ ಚುರುಕಾದ ಮಗುವಿಗೆ ಬೇರೆ ತರಗತಿ ಸಿಗುವುದು ಕಷ್ಟ. ಎಂಟರಲ್ಲಿ ಆಲ್ಜೀಬ್ರಾ 1 (ಬೀಜಗಣಿತದ ಮೊದಲ ಕೋರ್ಸ್) ಪೂರ್ತಿ ಮುಗಿಸುತ್ತಾರಾ? ಕಳೆದ ವರ್ಷದ ನೋಟ್‌ಬುಕ್ ಕೇಳಿ, ಕೊನೆಯ ಪುಟಗಳನ್ನು ತೆರೆಯಿರಿ: ವರ್ಗ ಸಮೀಕರಣದವರೆಗೆ ಬಂದಿರಬೇಕು. ಬಂದಿಲ್ಲವಾದರೆ ಹೈಸ್ಕೂಲು ಒಂಬತ್ತರಲ್ಲಿ ಅದೇ ಪಾಠಕ್ಕೆ ಮತ್ತೆ ಕೂರಿಸಬಹುದು. ಆಗ ಹನ್ನೆರಡರಲ್ಲಿ ಕ್ಯಾಲ್ಕುಲಸ್ ಸಾಮಾನ್ಯವಾಗಿ ಕೈತಪ್ಪುತ್ತದೆ.

ಕಲಿಕೆಯ ತೊಂದರೆ ಇರುವ ಮಗುವಿಗಂತೂ ಪಬ್ಲಿಕ್ ಶಾಲೆಯೇ ವಾಸಿ. ಅಲ್ಲಿ ಅರ್ಹ ಮಗುವಿಗೆ ಐಇಪಿ (ಆ ಮಗುವಿಗೆಂದೇ ರೂಪಿಸುವ ಕಲಿಕಾ ಯೋಜನೆ) ಕಾನೂನಿನ ಹಕ್ಕು. ಕ್ಯಾಥೊಲಿಕ್ ಶಾಲೆಗೆ ನೀವಾಗಿ ಸೇರಿಸಿದರೆ ಅಷ್ಟೇ ಸೇವೆ ಸಿಗುವ ಖಾತ್ರಿಯಿಲ್ಲ.