ಬೆಳಗಾವಿ ಖಡೇಬಜಾರದ ಮೈಕ್ರೋಸ್ಕೋಪ್ ಮಿಸ್ತ್ರಿ: ಹೊಸದಾಗಿ ಕೆಲಸಕ್ಕೆ ಸೇರಿದ ಪೆಥಾಲಜಿಯವರಿಗಾಗಿ

ಮೈಕ್ರೋಸ್ಕೋಪ್ ಕೆಟ್ಟರೆ ಬೆಂಗಳೂರಿಗೇ ಕಳಿಸಬೇಕು ಅಂತ ನಮ್ಮ ಭಾಗದ ಬಹಳಷ್ಟು ಆಸ್ಪತ್ರೆಯವರು ನಂಬಿದ್ದಾರೆ. ನಾನೂ ನಂಬಿದ್ದೆ. ಹಾಗೇನಿಲ್ಲ. ಬೆಳಗಾವಿಯ ಖಡೇಬಜಾರದ ಹಿಂದಿನ ಗಲ್ಲಿಯೊಂದರಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಅಟ್ಟದಲ್ಲಿ ಒಬ್ಬ ಹಿರಿಯರು ಕೂತಿರುತ್ತಾರೆ. ಬೋರ್ಡು ಇಲ್ಲ, ಕಬ್ಬಿಣದ ಮೆಟ್ಟಿಲು ಬಹಳ ಕಡಿದು. ದುರ್ಬೀನ್ ರಿಪೇರಿ ಮಾಡುವ ಕಾಕಾ ಎಲ್ಲಿ ಅಂತ ಕೇಳಿದರೆ ಕೆಳಗಿನವರು ಬೆರಳು ಮೇಲೆ ಮಾಡಿ ತೋರಿಸುತ್ತಾರೆ.

ನಾನು ಎಂ.ಡಿ. ಮುಗಿಸಿ ಬಾಗಲಕೋಟೆಯ ಒಂದು ಆಸ್ಪತ್ರೆಗೆ ಸೇರಿ ಐದು ತಿಂಗಳಾಯಿತು. ಪೆಥಾಲಜಿಸ್ಟ್, ಅಂದರೆ ರಕ್ತ, ಜೀವಕೋಶ ನೋಡಿ ರೋಗ ಗುರುತಿಸುವ ಡಾಕ್ಟರ್, ಅಂತ ಅಲ್ಲಿ ಇರುವವಳು ನಾನೊಬ್ಬಳೇ. ಕಾಲೇಜಿನಲ್ಲಿ ಐದು ಜನ ಒಟ್ಟಿಗೆ ನೋಡುವ ಮೈಕ್ರೋಸ್ಕೋಪ್ ಇತ್ತು. ಸರ್ ಹಸಿರು ಬಾಣ ತೋರಿಸುತ್ತಿದ್ದರು, ಸಂಶಯ ಬಂದರೆ ಅಲ್ಲೇ ಕೇಳುತ್ತಿದ್ದೆವು. ಇಲ್ಲಿ ಸ್ಲೈಡ್ ನೋಡಿ ಸಹಿ ಹಾಕುವ ತನಕ ನಾನು ಮತ್ತು ಆ ಯಂತ್ರ, ಇಬ್ಬರೇ. ಮೂರು ವರ್ಷ ಅದರೊಳಗೆ ಕಣ್ಣಿಟ್ಟು ಕೂತರೂ ಅದು ಕೆಟ್ಟಿದೆಯೋ ಇಲ್ಲವೋ ಅಂತ ಪರೀಕ್ಷಿಸುವುದು ನನಗೆ ಗೊತ್ತಿರಲಿಲ್ಲ.

ಸೇರಿದ ಮೊದಲ ವಾರದಿಂದಲೇ ಸಂಜೆ ತಲೆನೋವು ಶುರುವಾಯಿತು. ಕಣ್ಣಿನ ಡಾಕ್ಟರಿಗೆ ತೋರಿಸಿದೆ, ನಂಬರ್ ಬದಲಾಗಿಲ್ಲ ಅಂದರು. ಅಷ್ಟರಲ್ಲಿ ಒಂದು ಥೈರಾಯ್ಡ್ ಕೇಸು ಬಂತು. ಮಧ್ಯವಯಸ್ಸಿನ ಹೆಣ್ಣುಮಗಳು, ಕುತ್ತಿಗೆಯಲ್ಲಿ ಅಡಿಕೆ ಗಾತ್ರದ ಗಂಟು. ಸಣ್ಣ ಸೂಜಿಯಿಂದ ನಾನೇ ಜೀವಕೋಶ ತೆಗೆದು ಸ್ಲೈಡ್ ಮಾಡಿದೆ. 10 ಎಕ್ಸ್‌ನಲ್ಲಿ, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ, ಜೀವಕೋಶದ ಗುಂಪುಗಳು ಚೆನ್ನಾಗಿಯೇ ಕಂಡವು. 40 ಎಕ್ಸ್‌ಗೆ ತಿರುಗಿಸಿದರೆ ಮಂಜು. ಥೈರಾಯ್ಡಿನ ಪ್ಯಾಪಿಲರಿ ಕ್ಯಾನ್ಸರ್ ಗುರುತಿಸಬೇಕಾದರೆ ಜೀವಕೋಶದೊಳಗಿನ ನ್ಯೂಕ್ಲಿಯಸ್ಸನ್ನೇ ನೋಡಬೇಕು: ಅದರ ಮೇಲಿನ ಉದ್ದ ಗೀರು (ಗ್ರೂವ್), ಒಳಗೆ ಗುಳ್ಳೆಯಂತೆ ಕಾಣುವ ಇನ್‌ಕ್ಲೂಷನ್, ಪೇಲವವಾದ ಕ್ರೊಮ್ಯಾಟಿನ್ (ನ್ಯೂಕ್ಲಿಯಸ್ಸಿನೊಳಗಿನ ಪದಾರ್ಥ). ಗೀರು ಇದ್ದಂತೆಯೂ ಕಾಣಿಸಿತು, ಇಲ್ಲದಂತೆಯೂ ಕಾಣಿಸಿತು. ನಾನು ಬರೆಯಲಿಲ್ಲ. ಸ್ಲೈಡನ್ನು ಬೆಳಗಾವಿಯಲ್ಲಿರುವ ನಮ್ಮ ಸರ್‌ಗೆ ಕೊರಿಯರ್ ಮಾಡಿದೆ. ಅವರ ಉತ್ತರ ಬರುವಷ್ಟರಲ್ಲಿ ಐದು ದಿನ. ಆ ಐದು ದಿನದಲ್ಲಿ ಆಕೆ ಎರಡು ಸಲ ಬಂದು, ‘ರಿಪೋರ್ಟ್ ಬಂತೇನ್ರಿ ಅಕ್ಕಾರ?’ ಅಂತ ಕೇಳಿ ಹೋದರು. ಪ್ಯಾಪಿಲರಿ ಕ್ಯಾನ್ಸರೇ ಆಗಿತ್ತು. ಸರ್ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ಗ್ರೂವ್ ಇಷ್ಟು ಸ್ಪಷ್ಟ ಐತೆಲ್ಲ, ನಿನಗ ಯಾಕ ಕಾಣಲಿಲ್ಲ?’

ರಜೆ ಹಾಕಿ, ಮೈಕ್ರೋಸ್ಕೋಪನ್ನು ಅವ್ವನ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ ಹತ್ತಿದೆ. ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿ ಮುಟ್ಟುವಷ್ಟರಲ್ಲಿ ಕೈ ಮರಗಟ್ಟಿದ್ದವು. ಸರ್ ಹತ್ತಿರ ಸ್ಲೈಡ್ ವಾಪಸ್ ಇಸ್ಕೊಂಡು, ಅವರೇ ಹೇಳಿದ ಈ ಅಂಗಡಿಗೆ ಹೋದೆ.

ಕಾಕಾ ಮೊದಲು ಮಾಡಿದ್ದು ಕಣ್ಣಿಟ್ಟು ನೋಡುವ ಕೆಲಸ, ಬಿಚ್ಚುವುದಲ್ಲ. ಒಂದು ಕಣ್ಣು ಮುಚ್ಚಿ ಎಡಗಡೆಯಿಂದ ನೋಡಿದರು, ಆಮೇಲೆ ಬಲಗಡೆಯಿಂದ. ಒಂದೇ ಜೀವಕೋಶ ಎಡಗಡೆ ನಟ್ಟನಡುವೆ ಇತ್ತು, ಬಲಗಡೆ ಅಂಚಿಗೆ ಸರಿದಿತ್ತು. ‘ನಿಮ್ಮ ಕಣ್ಣ ಬರೋಬರಿ ಅದಾವ್ರಿ ಬಾಯಾರ. ಇದರ ಎರಡೂ ಕಣ್ಣ ಬ್ಯಾರೆ ಬ್ಯಾರೆ ಕಡೆ ನೋಡಾಕತ್ತಾವ,’ ಅಂದರು. ಒಳಗಿನ ಪ್ರಿಸಂ ಸರಿದಿತ್ತು. ಎರಡು ಚಿತ್ರವನ್ನು ಒಂದು ಮಾಡಲು ದಿನಪೂರ್ತಿ ನನ್ನ ಕಣ್ಣಿನ ಸ್ನಾಯುಗಳು ಎಳೆದಾಡುತ್ತಿದ್ದವು. ತಲೆನೋವಿನ ಮೂಲ ಅದು.

ಆಮೇಲೆ 40 ಎಕ್ಸ್ ಲೆನ್ಸನ್ನು ತಿರುವಿ ತೆಗೆದರು. ನಾವು ಕಣ್ಣಿಡುವ ಲೆನ್ಸು, ಅಂದರೆ ಐಪೀಸನ್ನು ತಲೆಕೆಳಗೆ ಹಿಡಿದು ಭೂತಗನ್ನಡಿಯಂತೆ ಬಳಸಿ ಆ 40ರ ತುದಿಯನ್ನು ನನಗೆ ತೋರಿಸಿದರು. ಸಾಸಿವೆಯಷ್ಟಿರುವ ಗಾಜಿನ ಮೇಲೆ ಹಳದಿ ಪೊರೆ, ಒಣಗಿದ ಬೆಲ್ಲದ ಪಾಕದ ಹಾಗೆ. ‘ಎಣ್ಣಿ ರೀ ಇದು. ನೂರರದ್ದು ನಲವತ್ತಕ್ಕ ಬಡದೈತಿ.’ ಮಲೇರಿಯಾ ನೋಡುವಾಗ 100 ಎಕ್ಸ್‌ಗೆ ಎಣ್ಣೆ ಹಾಕಲೇಬೇಕು. ಗಾಜಿನ ಹಾಗೆಯೇ ಆ ಎಣ್ಣೆಯ ವಕ್ರೀಭವನ ಸೂಚ್ಯಂಕವೂ (ಬೆಳಕನ್ನು ಬಾಗಿಸುವ ಅಳತೆ) ಸುಮಾರು 1.515, ಬೆಳಕು ಚದುರದೆ ಲೆನ್ಸಿಗೆ ಸೇರುತ್ತದೆ. ಆದರೆ ನೋಡಿದ ಮೇಲೆ ಒರೆಸದೆ 40ಕ್ಕೆ ಹಿಂದಿರುಗಿಸಿದರೆ ಆ ಒಣ ಲೆನ್ಸು ಎಣ್ಣೆಯಲ್ಲಿ ಅದ್ದಿಕೊಳ್ಳುತ್ತದೆ. ನಮ್ಮ ಲ್ಯಾಬಿನಲ್ಲಿ ಬಳಸುತ್ತಿದ್ದದ್ದು ಸೀಡರ್ ಮರದ ಎಣ್ಣೆ. ಅದು ಒಣಗಿದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಸಿಂಥೆಟಿಕ್ ಎಣ್ಣೆ ತರಿಸಿರಿ, ಅದು ಹಾಗೆ ಗಟ್ಟಿಯಾಗುವುದಿಲ್ಲ.

ಒರೆಸಿದ ರೀತಿ ಈಗಲೂ ಕಣ್ಣ ಮುಂದಿದೆ. ಬಿದಿರಿನ ಕಡ್ಡಿಗೆ ಹತ್ತಿ ಸುತ್ತಿ, ಝೈಲೀನ್ ದ್ರಾವಣದಲ್ಲಿ ಅದ್ದಿ, ಜಾಡಿಸಿ, ಗಾಜಿನ ನಡುವಿನಿಂದ ಶುರು ಮಾಡಿ ಸುತ್ತುತ್ತಾ ಅಂಚಿಗೆ ಬಂದರು. ಒಂದೇ ಸುತ್ತು. ಆ ಹತ್ತಿ ಎಸೆದು ಹೊಸದು. ಹೀಗೆ ಒಂಬತ್ತು ಸಲ, ನಾನು ಎಣಿಸಿದೆ. ‘ಝೈಲೀನ್ ಭಾಳ ಹೊತ್ತು ಬಿಡಬ್ಯಾಡ್ರಿ, ಒಳಗಿನ ಅಂಟು ಬಿಡ್ತೈತಿ. ಮತ್ತ ಸೀರಿ ಸೆರಗಿಲೆ ಅಂತೂ ಒರಸಲೇಬ್ಯಾಡ್ರಿ,’ ಅಂದರು.

ಪ್ರಿಸಂ ಒಂದರ ಮೇಲೆ ಜೇಡರ ಬಲೆಯಂಥ ಎಳೆಗಳಿದ್ದವು, ಬೂಷ್ಟು. ಬೆಳಗಾವಿಯ ಮಳೆಗಾಲದಲ್ಲಿ ಅದು ಸಹಜ. ಬಾಗಲಕೋಟೆಯಂಥ ಒಣ ಊರಿನಲ್ಲಿ ಯಾಕೆ ಬಂತು ಅಂತ ಕೇಳಿದೆ. ರಾತ್ರಿ ಪ್ಲಾಸ್ಟಿಕ್ ಕವರ್ ಮುಚ್ಚಿ, ನೀರಿನ ಸಿಂಕಿನ ಪಕ್ಕದಲ್ಲೇ ಇಡುತ್ತಿದ್ದೆವು ಎಂದಾಗ ಅವರು ಸುಮ್ಮನೆ ತಲೆ ಆಡಿಸಿದರು. ಈಗ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟಿದ್ದೇನೆ. ನೀಲಿ ಹರಳು ಗುಲಾಬಿಯಾದರೆ ಒಣಗಿಸಿ ಮತ್ತೆ ಇಡಬೇಕು.

ಸ್ಲೈಡ್ ಇಡುವ ಸ್ಟೇಜಿನ ಗ್ರೀಸ್ ಬದಲಿ ಮಾಡಿದರು, ಈಗ ತಾನಾಗಿ ಜಾರುವುದಿಲ್ಲ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಐಪೀಸಿನ ವಿಷಯ ಮಾತ್ರ ಹೇಳಲೇಬೇಕು. ನಮ್ಮ ಹಳೆಯದರ ಮೇಲೆ 10 ಎಕ್ಸ್/18 ಅಂತ ಇತ್ತು. ಗೀಚು ಬಿದ್ದಿತ್ತಾದ್ದರಿಂದ ಕಾಕಾ ಅದೇ ಕೊಳವೆಗೆ ಕೂರುವ 10 ಎಕ್ಸ್/20 ಜೋಡಿ ಕೊಟ್ಟರು. ಈ 18, 20 ಫೀಲ್ಡ್ ನಂಬರ್. ಅದನ್ನು 40ರಿಂದ ಭಾಗಿಸಿದರೆ 40 ಎಕ್ಸ್ ಲೆನ್ಸಿನಲ್ಲಿ ಕಾಣುವ ವೃತ್ತದ (ಫೀಲ್ಡ್) ಅಗಲ ಸಿಗುತ್ತದೆ: 0.45 ಮಿ.ಮೀ. ಇದ್ದದ್ದು 0.50 ಆಯಿತು. ಸ್ತನ ಕ್ಯಾನ್ಸರ್ ಎಷ್ಟು ಉಗ್ರ ಅಂತ ಗ್ರೇಡ್ ಮಾಡುವಾಗ 10 ಫೀಲ್ಡುಗಳಲ್ಲಿ ವಿಭಜನೆಯಾಗುತ್ತಿರುವ ಕೋಶ ಎಣಿಸುತ್ತೇವಲ್ಲ, ಆ ಹತ್ತೂ ಸೇರಿ ಮೊದಲು 1.59 ಚದರ ಮಿ.ಮೀ. ಇತ್ತು, ಈಗ 1.96. ಅದೇ ಗಡ್ಡೆಯಲ್ಲಿ ಈಗ ಹೆಚ್ಚು ಕೋಶ ಸಿಗುತ್ತವೆ. ಹಳೆಯ ಅಳತೆಯ ಪಟ್ಟಿಯಿಂದಲೇ ಗ್ರೇಡ್ ಕೊಟ್ಟರೆ ತಪ್ಪು ಆ ರೋಗಿಯ ಚಿಕಿತ್ಸೆಯ ತನಕ ಹೋಗುತ್ತದೆ. ಹೊಸ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮೈಕ್ರೋಸ್ಕೋಪಿನ ಬುಡಕ್ಕೇ ಅಂಟಿಸಿದ್ದೇನೆ. ಕೆಲಸಕ್ಕೆ ಸೇರುವ ಮೊದಲೇ ನಿಮ್ಮ ಐಪೀಸಿನ ಮೇಲೆ ಏನು ಬರೆದಿದೆ ಅಂತ ಓದಿಕೊಳ್ಳಿರಿ. ಸಂಬಳ ಮಾತಾಡುವ ದಿನವೇ ಒಂದು ರಕ್ತದ ಸ್ಮಿಯರ್ (ಗಾಜಿಗೆ ಸವರಿದ ರಕ್ತ) ಒಯ್ದು ಅಲ್ಲಿನ ಮೈಕ್ರೋಸ್ಕೋಪಿನಲ್ಲಿ ನೋಡಿ ಬರ್ರಿ. ನಾನು ನೋಡಿರಲಿಲ್ಲ.

ಒಟ್ಟು 4,200 ರೂಪಾಯಿ ಆಯಿತು, ಐಪೀಸ್ ಸೇರಿ. ಕೊರತೆಗಳೂ ಇವೆ. ಬಿಲ್ಲನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟರು. ನಮ್ಮ ಅಕೌಂಟ್ಸ್‌ನವರು ಒಪ್ಪಲಿಲ್ಲ, ದುಡ್ಡು ನನ್ನ ಕೈಯಿಂದಲೇ ಹೋಗಿದೆ. ಎಲ್‌ಇಡಿ ಬೋರ್ಡು, ಕ್ಯಾಮೆರಾ ಇಂಥದ್ದನ್ನು ಅವರು ಮುಟ್ಟುವುದಿಲ್ಲ. ಫೋನ್ ಎತ್ತುವುದು ಅಪರೂಪ. ನಮ್ಮ ಊರಿಗೆ ಬಂದು ಮಾಡಿಕೊಡಿರಿ ಅಂದರೆ ಬರುವುದಿಲ್ಲ, ವಯಸ್ಸಾಗಿದೆ. ಬಸ್ಸಿನಲ್ಲಿ ಒಯ್ಯುವವರು ಲೆನ್ಸು, ಐಪೀಸು ಬೇರೆ ಮಾಡಿ ಡಬ್ಬಿಗೆ ಹಾಕಿಕೊಳ್ಳಿರಿ; ನಾನು ಇಡಿಯಾಗಿ ಒಯ್ದದ್ದಕ್ಕೆ ಕಾಕಾ ಬೈದರು.

ಕೆಲಸ ಮುಗಿದಾಗ ನಾಲ್ಕು ಗಂಟೆ ದಾಟಿತ್ತು. ‘ನಿಮ್ಮ ಕಡೆ ಸ್ಲೈಡ್ ಐತೇನ್ರಿ?’ ಅಂದರು. ಪರ್ಸಿನಿಂದ ಆ ಥೈರಾಯ್ಡ್ ಸ್ಲೈಡ್ ತೆಗೆದು ಇಟ್ಟೆ. 40 ಎಕ್ಸ್. ನ್ಯೂಕ್ಲಿಯಸ್ಸಿನ ಉದ್ದಕ್ಕೂ ಗೀರು, ಗೋಧಿ ಕಾಳಿನ ಹೊಟ್ಟೆಯ ಮೇಲಿನ ಗೀರಿನ ಹಾಗೆ. ಒಂದಲ್ಲ, ಆ ಗುಂಪಿನ ತುಂಬ. ನಾನು ಮೊದಲು ನೋಡಿದಾಗಲೂ ಅದು ಅಲ್ಲೇ ಇತ್ತು. ನಾನು ಬಹಳ ಹೊತ್ತು ತಲೆ ಎತ್ತಲಿಲ್ಲ. ಕಾಕಾ ಚಹಾ ತರಿಸಿದರು.

ಬೆಳಿಗ್ಗೆ 11ರ ಮೇಲೆ ಹೋಗಿರಿ, ಇಡೀ ದಿನ ಬಿಡುವು ಮಾಡಿಕೊಂಡು. ನಿಮ್ಮದೇ ಕಷ್ಟದ ಸ್ಲೈಡ್ ಒಂದನ್ನು ಜೊತೆಗೆ ಒಯ್ಯಿರಿ. ಅದನ್ನು ನೋಡಿ ನೀವು ಹೂಂ ಅನ್ನುವ ತನಕ ಅವರು ದುಡ್ಡು ಮುಟ್ಟುವುದಿಲ್ಲ.