ಮಾರಿಷಸ್‌ನಲ್ಲಿ ಯಾವ ದಡಕ್ಕೆ ಇಳಿದುಕೊಳ್ಳಬೇಕು?

‘ಮಾರಿಷಸ್ ಅಂಗೈಯಗಲದ ದ್ವೀಪ, ಎಲ್ಲಿ ಉಳಿದರೇನು’ ಎನ್ನುವವರ ಮಾತನ್ನು ನಂಬಬೇಡಿ. ಉದ್ದ ಸುಮಾರು 65 ಕಿಲೋಮೀಟರ್, ಅಗಲ 45. ನಕ್ಷೆ ನೋಡಿದರೆ ಊಟ ಮುಗಿಸಿ ಹೊರಟು ಕತ್ತಲಾಗುವಷ್ಟರಲ್ಲಿ ಸುತ್ತಿ ಬರಬಹುದು ಎನಿಸುತ್ತದೆ. ಆದರೆ ಜುಲೈ ತಿಂಗಳ ಒಂದೇ ಮಧ್ಯಾಹ್ನ ಪೂರ್ವದ ದಡದಲ್ಲಿ ಟೋಪಿ ಹಾರಿಹೋಗುವಂಥ ಗಾಳಿ, ನಡುವಿನ ಎತ್ತರದ ಕ್ಯೂರ್‌ಪೀಪ್‌ನಲ್ಲಿ ಜಿಟಿಜಿಟಿ ಮಳೆ, ಪಶ್ಚಿಮದಲ್ಲಿ ಎಲೆ ಅಲುಗದ ಬಿಸಿಲು ಇರುವುದನ್ನು ಕಾರಿನಲ್ಲಿ ಕುಳಿತೇ ಕಂಡಿದ್ದೇನೆ. ಅದಕ್ಕೇ ನನ್ನ ಹಟ ಇಷ್ಟೇ: ಹೋಟೆಲಿನ ಫೋಟೊ ಆಮೇಲೆ ನೋಡಿ, ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿ.

ಅದು ಆಗ್ನೇಯದಿಂದ ಬೀಸುತ್ತದೆ. ವಾಣಿಜ್ಯ ಮಾರುತಗಳು ವರ್ಷವಿಡೀ ಇರುತ್ತವಾದರೂ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಅಲ್ಲಿಯ ಚಳಿಗಾಲದಲ್ಲಿ, ಅವುಗಳ ಆರ್ಭಟ ಹೆಚ್ಚು. ಪೂರ್ವದ ತೀರಕ್ಕೆ ಮೊದಲು ಬಡಿದು, ನಡುವಿನ ಪ್ರಸ್ಥಭೂಮಿ ಏರುವಾಗ ಮಳೆ ಸುರಿಸಿ, ಪಶ್ಚಿಮಕ್ಕೆ ಇಳಿಯುವ ಹೊತ್ತಿಗೆ ಗಾಳಿ ಒಣಗಿ ಸುಸ್ತಾಗಿರುತ್ತದೆ. ಸಕ್ಕರೆಯಂಥ ಮರಳು, ತಿಳಿಹಸಿರು ಲಗೂನ್ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲು) ಎಂಬ ವರ್ಣನೆ ಎರಡೂ ದಡಕ್ಕೆ ಒಪ್ಪುತ್ತದೆ. ಹಗಲು ಕಳೆಯುವ ಬಗೆ ಮಾತ್ರ ಬೇರೆಬೇರೆ.

ಪೂರ್ವದ ಬೆಲ್ ಮಾರ್‌ನಲ್ಲಿ ನಾವು ಉಳಿದದ್ದು ಚಳಿಗಾಲದಲ್ಲಿ. ಜೊತೆಗಿದ್ದ ಭಾವನವರಿಗೆ ಊಟ, ತಿಂಡಿ, ಪಾನೀಯ ಎಲ್ಲ ಸೇರಿದ ದೊಡ್ಡ ಹೋಟೆಲೇ ಬೇಕಿತ್ತು. ಅಂಥವು ಈ ಕಡೆ ಸಾಲುಸಾಲಾಗಿವೆ. ಮರಳಿನ ದಂಡೆ ಕಿಲೋಮೀಟರುಗಟ್ಟಲೆ ಉದ್ದ. ಲಗೂನ್ ಅಗಲವಾಗಿದೆ; ಹವಳದ ದಿಬ್ಬಕ್ಕೆ ಅಲೆ ಒಡೆಯುವ ಬಿಳಿಗೆರೆ ದೂರದಲ್ಲಿ ಕಾಣುತ್ತದೆ, ಅದರ ಮೊರೆತ ಹಗಲೂ ರಾತ್ರಿ ಕೇಳುತ್ತದೆ. ಸೂರ್ಯೋದಯವಂತೂ ಕೋಣೆಯ ಬಾಗಿಲಿಗೇ ಬರುತ್ತದೆ. ಆದರೆ ಬೆಳಿಗ್ಗೆ ಒಂಬತ್ತರ ನಂತರ ಗಾಳಿ ಏಳುತ್ತದೆ. ಒರಗುಕುರ್ಚಿಯ ಮೇಲೆ ಹಾಸಿದ ಟವೆಲಿನ ನಾಲ್ಕೂ ಮೂಲೆಗೆ ಚಪ್ಪಲಿ, ನೀರಿನ ಬಾಟಲಿ, ಪುಸ್ತಕ, ಸನ್‌ಸ್ಕ್ರೀನ್ ಡಬ್ಬಿ ಇಟ್ಟರೂ ಅಂಚು ಪಟಪಟ ಬಡಿಯುತ್ತಿತ್ತು. ನಡೆಯುವಾಗ ಮರಳು ಮೊಣಕಾಲಿನ ಕೆಳಗೆ ಸೂಜಿಯಂತೆ ಚುಚ್ಚುತ್ತಿತ್ತು. ರಾತ್ರಿ ಅಲೆ ತಂದು ಹಾಕಿದ ಪಾಚಿಯನ್ನು ಹೋಟೆಲಿನವರು ನಸುಕಿನಲ್ಲೇ ಕುಂಟೆ ಹಿಡಿದು ಬಾಚುತ್ತಿದ್ದರು, ಅದು ಮಧ್ಯಾಹ್ನಕ್ಕೆ ಮತ್ತೆ ಹಾಜರ್. ಇನ್ನೊಂದು ವಿಷಯವನ್ನು ಯಾವ ಜಾಹೀರಾತೂ ಹೇಳುವುದಿಲ್ಲ: ಜುಲೈನಲ್ಲಿ ಸೂರ್ಯ ಆರು ಗಂಟೆಗೆ ಮೊದಲೇ ಮುಳುಗುತ್ತಾನೆ, ಅದೂ ಹೋಟೆಲಿನ ಹಿಂಬದಿಯಲ್ಲಿ. ಹಾಗಾಗಿ ನಾಲ್ಕೂವರೆಯ ಹೊತ್ತಿಗೆ ಕಟ್ಟಡದ ಮತ್ತು ಮರಗಳ ನೆರಳು ದಂಡೆಯನ್ನು ನುಂಗುತ್ತದೆ, ಎಲ್ಲರೂ ಸ್ವೆಟರ್ ಹುಡುಕಿಕೊಂಡು ಒಳಗೆ ಹೋಗುತ್ತಾರೆ. ಭಾವನವರು ಮಾತ್ರ ಖುಷಿಯಾಗಿಯೇ ಇದ್ದರು. ಅವರು ನೀರಿಗಿಳಿದದ್ದಕ್ಕಿಂತ ಊಟದ ಕೋಣೆಗೆ ಇಳಿದದ್ದೇ ಹೆಚ್ಚು. ಪಕ್ಕದ ತ್ರೂ ದೋ ದೂಸ್‌ನಿಂದ ಇಲ್ ಓ ಸೆರ್ಫ್ ಎಂಬ ಪುಟ್ಟ ದ್ವೀಪಕ್ಕೆ ದೋಣಿಗಳು ಹೊರಡುತ್ತವೆ. ಅಲ್ಲಿಗೆ ಹೋಗುವುದಾದರೆ ಬೆಳಗಿನ ಮೊದಲ ದೋಣಿಯಲ್ಲೇ ಹೋಗಿ, ಹತ್ತರ ಮೇಲೆ ಅದು ಜಾತ್ರೆ.

ನ್ಯಾಯವಾಗಿ ಹೇಳಬೇಕೆಂದರೆ, ನವೆಂಬರ್–ಡಿಸೆಂಬರಿನಲ್ಲಿ ಇದೇ ಬೆಲ್ ಮಾರ್ ಬೇರೆಯೇ ಊರು. ಪಶ್ಚಿಮ ಸೆಕೆಗೆ ಬೇಯುವಾಗ ಇಲ್ಲಿ ತಂಗಾಳಿ. ಆ ಕಾಲಕ್ಕೆ ಕೇಳಿದರೆ ನನ್ನ ಓಟು ಪೂರ್ವಕ್ಕೇ.

ಚಳಿಗಾಲಕ್ಕೆ ಮಾತ್ರ ಪಶ್ಚಿಮವೇ ಸರಿ, ಅದರಲ್ಲೂ ಫ್ಲಿಕ್ ಆಂ ಫ್ಲಾಕ್. ಊರು ಸುಂದರವೆಂದು ಹೇಳಲಾರೆ. ರಸ್ತೆಯ ಒಂದು ಬದಿಗೆ ಬಾಡಿಗೆ ಫ್ಲ್ಯಾಟುಗಳು, ಅಂಗಡಿ, ಸೂಪರ್ ಮಾರ್ಕೆಟ್. ಇನ್ನೊಂದು ಬದಿಗೆ ಗಾಳಿಮರಗಳ ಉದ್ದನೆಯ ತೋಪು, ಅದರಾಚೆ ಸಮುದ್ರ. ಸಿರಿವಂತ ಹೋಟೆಲುಗಳು ದಕ್ಷಿಣದ ವೋಲ್ಮಾರ್ ಕಡೆಗಿವೆ. ನಾವು ರಸ್ತೆಯ ಈಚೆಯ ಫ್ಲ್ಯಾಟ್ ಹಿಡಿದೆವು. ಪೂರ್ವದ ಹೋಟೆಲಿಗೆ ಕೊಟ್ಟದ್ದಕ್ಕಿಂತ ಎಷ್ಟೋ ಅಗ್ಗ, ಅಡುಗೆಮನೆ ಬೇರೆ. ಬೆಳಿಗ್ಗೆ ಗಾಡಿಯಲ್ಲಿ ಮಾರುವ ದಾಲ್ ಪುರಿ ಜೋಡಿಯಾಗಿ ಸಿಗುತ್ತದೆ, ಜೊತೆಗೆ ಗಾತೊ ಪಿಮಾ, ಅಂದರೆ ನಮ್ಮ ಅಂಬೊಡೆಯ ಚಿಕ್ಕ ತಮ್ಮ. ನೀರು ಶಾಂತ, ಸೂರ್ಯಾಸ್ತ ಕಣ್ಣೆದುರಿಗೆ, ಸಂಜೆಯವರೆಗೂ ದಂಡೆಯ ಮೇಲೆ ಬಿಸಿಲು. ಕೊರತೆಗಳೂ ಇವೆ. ದಡದ ಹತ್ತಿರ ಸತ್ತ ಹವಳದ ಚೂರು, ಅಲ್ಲಲ್ಲಿ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿ. ರಬ್ಬರ್ ಬೂಟಿಲ್ಲದೆ ನೀರಿಗೆ ಇಳಿಯಬಾರದು. ಭಾನುವಾರ ತೋಪಿನ ಕೆಳಗೆ ಸ್ಥಳೀಯ ಕುಟುಂಬಗಳು ಪಾತ್ರೆ ಸಮೇತ ಬಂದು ಬೀಡುಬಿಡುತ್ತವೆ, ರಾವಾನ್ ಎಂಬ ತಮಟೆ ಬಡಿದು ಸೆಗಾ ಎಂಬ ಅಲ್ಲಿಯ ಹಾಡು ಹಾಡುತ್ತವೆ. ನಿಶ್ಶಬ್ದ ಬೇಕೆನ್ನುವವರಿಗೆ ಅದು ತೊಂದರೆ. ನನಗೆ ಅದೇ ವಾರದ ಒಳ್ಳೆಯ ದಿನವಾಗಿತ್ತು.

ಉತ್ತರದ ಗ್ರ್ಯಾಂಡ್ ಬೇ ಸಂಜೆಯ ಮೇಲೆ ಹೊರಗೆ ತಿರುಗಾಡಬೇಕು ಎನ್ನುವವರ ಊರು. ಹೋಟೆಲು, ಬಾರು, ಅಂಗಡಿ ಎಲ್ಲ ಕಾಲ್ನಡಿಗೆಯಲ್ಲಿ. ಇದೊಂದೇ ಕಡೆ ಕಾರಿಲ್ಲದೆಯೂ ನೆಮ್ಮದಿಯಾಗಿರಬಹುದು: ರಾಜಧಾನಿ ಪೋರ್ಟ್ ಲೂಯಿಗೆ ಬಸ್ ಇದೆ, ದೈತ್ಯ ತಾವರೆಯೆಲೆಗಳ ಪಾಂಪ್ಲಮೂಸ್ ಸಸ್ಯೋದ್ಯಾನ ಹತ್ತಿರದಲ್ಲಿದೆ, ಉತ್ತರದ ಪುಟ್ಟ ದ್ವೀಪಗಳಿಗೆ ಹೋಗುವ ಕ್ಯಾಟಮರಾನ್‌ಗಳು ಇಲ್ಲಿಂದಲೇ ಹೊರಡುತ್ತವೆ. ಪೋರ್ಟ್ ಲೂಯಿಗೆ ಹೋದರೆ ಆಪ್ರವಾಸಿ ಘಾಟ್ ತಪ್ಪಿಸಬೇಡಿ. 1849ರಿಂದ ಕೂಲಿಗಳಾಗಿ ಬಂದ ಭಾರತೀಯರು ಕಾಲಿಟ್ಟ ಕಲ್ಲಿನ ಮೆಟ್ಟಿಲು ಅಲ್ಲಿದೆ. 2006ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆದರೆ ಈಜಲೆಂದು ಬಂದವರಿಗೆ ಗ್ರ್ಯಾಂಡ್ ಬೇ ಕೊಲ್ಲಿ ನಿರಾಸೆ ಮಾಡುತ್ತದೆ, ತುಂಬ ದೋಣಿಗಳೇ ನಿಂತಿರುತ್ತವೆ. ಪಕ್ಕದ ಪೆರಿಬೇರ್‌ನಲ್ಲಿ ಉಳಿದು ಸಂಜೆ ಗ್ರ್ಯಾಂಡ್ ಬೇಗೆ ಬರುವುದೇ ಜಾಣತನ.

ನೈಋತ್ಯದ ತುದಿಯ ಲೆ ಮೋರ್ನ್ ನೋಡಲು ಎಲ್ಲಕ್ಕಿಂತ ಚೆಲುವು, ಉಳಿಯಲು ಎಲ್ಲಕ್ಕಿಂತ ಕಷ್ಟ. 556 ಮೀಟರಿನ ಬಂಡೆ ಸಮುದ್ರದ ಪಕ್ಕದಲ್ಲೇ ಎದ್ದು ನಿಂತಿದೆ. ಒಡೆಯರಿಂದ ತಪ್ಪಿಸಿಕೊಂಡ ಗುಲಾಮರು ಅಡಗಿದ್ದ ಬೆಟ್ಟವಿದು, 2008ರಿಂದ ಇದೂ ವಿಶ್ವ ಪರಂಪರೆಯ ತಾಣ. ಬೆಟ್ಟದ ಬುಡದಲ್ಲಿ ದುಬಾರಿ ರೆಸಾರ್ಟುಗಳನ್ನು ಬಿಟ್ಟರೆ ಹೆಚ್ಚೇನೂ ಇಲ್ಲ. ಕಾರಿಲ್ಲದಿದ್ದರೆ ರೆಸಾರ್ಟ್ ಹೇಳಿದ ಬೆಲೆಗೇ ಉಣ್ಣಬೇಕು. ಗಾಳಿಪಟ ಕಟ್ಟಿಕೊಂಡು ಅಲೆಯ ಮೇಲೆ ಜಾರುವವರಿಗೆ ಇದು ಸ್ವರ್ಗ. ಅವರಿಗೆ ಸ್ವರ್ಗವೆಂದರೆ ಉಳಿದವರಿಗೆ ಗಾಳಿಯೆಂದೇ ಲೆಕ್ಕ. ಬೆಟ್ಟ ಹತ್ತುವ ಆಸೆಯಿದ್ದರೆ ಫ್ಲಿಕ್ ಆಂ ಫ್ಲಾಕ್‌ನಲ್ಲಿದ್ದುಕೊಂಡೇ ನಸುಕಿನಲ್ಲಿ ಹೊರಟು ಬರಬಹುದು.

ಇನ್ನು ಮಾಹೆಬೂರ್. ವಿಮಾನ ನಿಲ್ದಾಣ ಇರುವುದೇ ಈ ಆಗ್ನೇಯದ ಮೂಲೆಯಲ್ಲಿ. ಅತಿಥಿಗೃಹಗಳು ಅಗ್ಗ, ಸೋಮವಾರದ ಸಂತೆ ಚೆನ್ನ, ಬ್ಲೂ ಬೇ ಸಾಗರೋದ್ಯಾನದಲ್ಲಿ ಮುಖಕ್ಕೆ ಗಾಜು ಕಟ್ಟಿಕೊಂಡು ಹವಳ ನೋಡಬಹುದು. ಗಾಳಿ ಇಲ್ಲಿಯೂ ಬಿಡುವುದಿಲ್ಲ. ಇಡೀ ರಜೆಗೆ ಸಾಲದು, ಕೊನೆಯ ರಾತ್ರಿಗೆ ಇದರಷ್ಟು ಅನುಕೂಲ ಬೇರಿಲ್ಲ. ಗ್ರ್ಯಾಂಡ್ ಬೇಯಿಂದ ನಿಲ್ದಾಣಕ್ಕೆ ಒಂದು ಗಂಟೆಗಿಂತ ಹೆಚ್ಚೇ ಬೇಕು, ಬೆಳಗಿನ ಹೊತ್ತು ಪೋರ್ಟ್ ಲೂಯಿಯ ವಾಹನದಟ್ಟಣೆ ಸೇರಿದರೆ ಕೇಳುವುದೇ ಬೇಡ.

ಹೋಟೆಲೋ ಫ್ಲ್ಯಾಟೋ ಎಂಬ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಎಲ್ಲವನ್ನೂ ಮುಂಗಡ ಕೊಟ್ಟ ಮೇಲೆ ಹೊರಗೆ ಉಣ್ಣಲು ಮನಸ್ಸೇ ಬರುವುದಿಲ್ಲ, ಹಾಗಾಗಿ ದ್ವೀಪ ನೋಡುವುದು ತಪ್ಪುತ್ತದೆ ಎಂಬುದು ನನ್ನ ವಾದ. ‘ರಜೆಯಲ್ಲೂ ಪಾತ್ರೆ ತೊಳೆಯಬೇಕೆ?’ ಎಂಬುದು ಅಕ್ಕನ ಪ್ರಶ್ನೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಒಳ್ಳೆಯ ದಂಡೆಗಾಗಿ ಹೋಟೆಲು ಹಿಡಿಯಬೇಕಿಲ್ಲ. ಮಾರಿಷಸ್‌ನಲ್ಲಿ ಭರತದ ನೀರು ಮುಟ್ಟುವ ಗೆರೆಯವರೆಗಿನ ಮರಳು ಸಾರ್ವಜನಿಕರದ್ದು. ಕುರ್ಚಿ ಹೋಟೆಲಿನದು, ಸಮುದ್ರ ನಿಮ್ಮದು.

ಬಸ್ಸನ್ನು ನಂಬುವವರಿಗೆ ಒಂದು ಮಾತು: ಉತ್ತರದ ಬಸ್ಸುಗಳು ಪೋರ್ಟ್ ಲೂಯಿಯ ಒಂದು ನಿಲ್ದಾಣಕ್ಕೆ ಬರುತ್ತವೆ, ದಕ್ಷಿಣದವು ಇನ್ನೊಂದರಿಂದ ಹೊರಡುತ್ತವೆ, ಹಳ್ಳಿಗಳ ಕಡೆ ಸಂಜೆಯೇ ಬಂದ್. ಅಲ್ಲಿ ವಾಹನ ಓಡುವುದು ಎಡಬದಿಗೆ, ಆದ್ದರಿಂದ ಬಾಡಿಗೆ ಕಾರು ನಮಗೆ ಕಷ್ಟವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಫ್ಲಿಕ್ ಆಂ ಫ್ಲಾಕ್‌ನಲ್ಲಿ ಫ್ಲ್ಯಾಟು ಮತ್ತು ಕಾರು ಹಿಡಿಯಲಿ. ವರ್ಷದ ಕೊನೆಗೆ ಹೋಗುವವರು ಬೆಲ್ ಮಾರ್ ನೋಡಲಿ. ಕಾರೇ ಬೇಡ ಎನ್ನುವವರು ಪೆರಿಬೇರ್. ಜನವರಿಯಿಂದ ಮಾರ್ಚ್‌ವರೆಗೆ ಚಂಡಮಾರುತ ಹೆಚ್ಚಾಗಿ ಬರುವ ಕಾಲ. ಆಗ ಯಾವ ದಡವಾದರೂ, ಹಣ ವಾಪಸ್ ಕೊಡುವ ಬುಕಿಂಗ್ ಮಾತ್ರ ಮಾಡಿ.