ಮಡಿಕೇರಿಯ ಜಾವಾಸ್ಕ್ರಿಪ್ಟ್ ತರಗತಿ: ಒಂದು ವಿಮರ್ಶೆ

ಮಡಿಕೇರಿಯಲ್ಲಿ ವಾರಾಂತ್ಯಕ್ಕೆ ನಡೆಯುವ ಈ ತರಗತಿಯನ್ನು ಹೋಂಸ್ಟೇ ನಡೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಲಾಗಿದೆ. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಸೃಷ್ಟಿಸಿದ ಜಾವಾಸ್ಕ್ರಿಪ್ಟ್ ಎಂಬ ವೆಬ್ ಪ್ರೋಗ್ರಾಮಿಂಗ್ ಭಾಷೆಯ ಚರಿತ್ರೆಯನ್ನು ಬೇಗನೆ ಮುಗಿಸಿ, ಶಿಕ್ಷಕರು ನೇರವಾಗಿ ಕೊಠಡಿ ಕಾಯ್ದಿರಿಸುವ ಫಾರ್ಮ್‌ಗೆ ಬರುತ್ತಾರೆ. ಅತಿಥಿಯು ಹೊರಡುವ ದಿನಾಂಕವನ್ನು ಬರುವ ದಿನಾಂಕಕ್ಕಿಂತ ಮುಂಚಿನದಾಗಿ ತುಂಬಿದರೆ, ಮಾಹಿತಿಯು ಸರ್ವರ್‌ಗೆ ಹೋಗುವ ಮೊದಲೇ ಬ್ರೌಸರ್ ಅದನ್ನು ತಡೆದು ತಪ್ಪನ್ನು ತೋರಿಸುವಂತೆ, ಸಬ್‌ಮಿಟ್ ಈವೆಂಟ್‌ಗೆ (ಫಾರ್ಮ್ ಕಳುಹಿಸುವ ಕ್ಷಣಕ್ಕೆ) ಲಿಸನರ್ (ಅದನ್ನು ಗಮನಿಸುವ ಕೋಡ್) ಜೋಡಿಸಿ ಪ್ರಿವೆಂಟ್‌ಡೀಫಾಲ್ಟ್ (ಫಾರ್ಮ್ ಹೋಗದಂತೆ ತಡೆಯುವ ಆದೇಶ) ಬಳಸುವ ಕ್ರಮವನ್ನು ಅವರು ನಮ್ಮ ಕೈಯಿಂದಲೇ ಹಂತಹಂತವಾಗಿ ಬರೆಯಿಸುತ್ತಾರೆ. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟನ್ನು ಯಾರು ಬೇಕಾದರೂ ಸ್ಥಗಿತಗೊಳಿಸಬಹುದಾದ್ದರಿಂದ, ಅದೇ ಪರಿಶೀಲನೆ ಸರ್ವರ್‌ನಲ್ಲಿಯೂ ನಡೆಯಲೇಬೇಕೆಂದು ಅವರು ಒತ್ತಿ ಹೇಳಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಹೊಸಬರಿಗೆ ಇಷ್ಟು ಮುಖ್ಯವಾದ ಮಾತು ಬೇರೊಂದಿಲ್ಲ.

ಆದರೆ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವ ಕೊಡಗಿನಲ್ಲಿ, ಚಿತ್ರಗಳ ಗ್ಯಾಲರಿಯಂಥ ಸಣ್ಣ ಕೆಲಸಕ್ಕೂ ಭಾರವಾದ ಲೈಬ್ರರಿಯನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು) ಸೇರಿಸಲು ಕಲಿಸುವುದು ಸರಿಯೆನಿಸಲಿಲ್ಲ. ಹೊರಗಿನ ಸ್ಕ್ರಿಪ್ಟ್ ಫೈಲ್‌ಗೆ ಡಿಫರ್ ಎಂಬ ಸೂಚನೆ ಸೇರಿಸಿದರೆ ಪುಟದ ರಚನೆಗೆ ತಡೆಯಾಗದೆ, ಪುಟ ಪೂರ್ಣವಾಗಿ ಸಿದ್ಧವಾದ ಮೇಲೆಯೇ ಕೋಡ್ ಓಡುತ್ತದೆ ಎಂಬ ವಿಷಯಕ್ಕೆ ಇನ್ನಷ್ಟು ಸಮಯ ಸಿಗಬೇಕಿತ್ತು. ಶುಲ್ಕ ನ್ಯಾಯವಾಗಿದೆ. ಜಾಲಪುಟದ ರಚನೆಯನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯ ಪರಿಚಯವೇ ಇಲ್ಲದವರು ಮಾತ್ರ ಅದನ್ನು ಮೊದಲು ಕಲಿತು ಸೇರುವುದು ಒಳಿತು.